14 ಮಾರ್ಚ್ 2025, ಶುಕ್ರವಾರ: ಕಾಣದ ಎರರ್ ಬಾರ್

ಎರರ್ ಬಾರ್, ಅಂದರೆ ಅಳತೆ ಎಷ್ಟು ತಪ್ಪಿರಬಹುದು ಅಂತ ಗ್ರಾಫ್‌ನಲ್ಲಿ ತೋರಿಸುವ ಗೀಟು, ಕಣ್ಣಿಗೇ ಕಾಣದಷ್ಟು ಚಿಕ್ಕದಿದ್ದರೆ ನನಗೆ ಖುಷಿ ಆಗಲ್ಲ, ಅನುಮಾನ ಬರುತ್ತದೆ. ಇವತ್ತು ಜೂನಿಯರ್ ತಂದ ಗ್ರಾಫ್‌ನಲ್ಲಿ ಅದು ಗೆರೆಯ ದಪ್ಪದೊಳಗೇ ಅಡಗಿತ್ತು. ನೆಲದಿಂದ ಬರುವ ಬೆಳಕನ್ನು ಮೇಲಿನಿಂದ ಅಳೆದ ಚಿತ್ರದಲ್ಲಿ ಒಂದೇ ಥರದ ಬಯಲು ಹುಡುಕಿ 10,000 ಪಿಕ್ಸೆಲ್‌ಗಳ ಸರಾಸರಿ ತೆಗೆದಿದ್ದಾನೆ.

“ನಾಯ್ಸ್, ಆ ಅಡ್ಡಾದಿಡ್ಡಿ ಏರಿಳಿತ, ನೂರು ಪಟ್ಟು ಇಳಿಯಿತಲ್ಲ ಸರ್, ವರ್ಗಮೂಲದ ಲೆಕ್ಕ.”

“ನಾಯ್ಸ್ ಇಳಿಯಿತು, ಸರಿ. ಕ್ಯಾಲಿಬ್ರೇಷನ್?”

ಸುಮ್ಮನಾದ. ಲ್ಯಾಬ್‌ನಲ್ಲಿ ಒಳಗೋಡೆಗೆ ಬಿಳಿ ಲೇಪಿಸಿದ ಗೋಳದ ಬೆಳಕು ತೋರಿಸಿಯೇ ಅಲ್ವಾ ಉಪಕರಣದ ಎಣಿಕೆಯನ್ನು ಬೆಳಕಿನ ಮಟ್ಟಕ್ಕೆ ಬದಲಿಸುವ ಗುಣಕ ಕೊಡೋದು? ಆ ಬೆಳಕಿನ ಮಟ್ಟವನ್ನೇ ಶೇ. 2 ಜಾಸ್ತಿ ಅಂತ ನಂಬಿದ್ದರೆ ಪ್ರತಿ ಪಿಕ್ಸೆಲ್ಲೂ ಅಷ್ಟೇ ಜಾಸ್ತಿ ಹೇಳುತ್ತದೆ. ವಾಲಿದ ತಕ್ಕಡಿಯಲ್ಲಿ ಎಷ್ಟು ಸಲ ತೂಗಿದರೇನು?

ಆಮೇಲೆ ಗ್ರಾಫನ್ನು 760 ನ್ಯಾನೋಮೀಟರ್ ತರಂಗಾಂತರದ ಹತ್ತಿರ ದೊಡ್ಡದು ಮಾಡಿ ತೋರಿಸು ಅಂದೆ. ಗಾಳಿಯ ಆಮ್ಲಜನಕ ಬೆಳಕು ನುಂಗುವ ಜಾಗ ಅದು. ವಾತಾವರಣದ ಪಾಲು ಕಳೆದ ಮೇಲೆ ನೆಲದ ಗೆರೆ ಅಲ್ಲಿ ನುಣುಪಾಗಿರಬೇಕು. ಇಲ್ಲಿ ಒಂದು ಬ್ಯಾಂಡ್, ಅಂದರೆ ಉಪಕರಣ ಬೇರೆಯಾಗಿ ಅಳೆಯುವ ಬಣ್ಣದ ಕಿರುಪಟ್ಟಿ, ಮೇಲಕ್ಕೆ ಚುಚ್ಚಿತ್ತು, ಪಕ್ಕದ್ದು ಕೆಳಕ್ಕೆ ಕುಸಿದಿತ್ತು. ಬ್ಯಾಂಡ್‌ನ ನಡುಬಿಂದು ನ್ಯಾನೋಮೀಟರ್‌ನ ಸಣ್ಣ ಪಾಲಿನಷ್ಟು ಸರಿದರೂ ಹೀಗಾಗುತ್ತದೆ. ಅವನ ಎರರ್ ಬಾರ್‌ಗೆ ಇದರ ಸುಳಿವೇ ಇಲ್ಲ.

ಅಳತೆಯ ಅನಿಶ್ಚಿತತೆಗೆ 1993ರಿಂದಲೂ ಅಂತರರಾಷ್ಟ್ರೀಯ ಮಾರ್ಗದರ್ಶಿ ಇದೆ. ಅದರಲ್ಲಿ ಅನಿಶ್ಚಿತತೆ ಅಂದಾಜು ಮಾಡೋದಕ್ಕೆ ಎರಡು ಬಗೆ. ಎ ಬಗೆ ಅಂದರೆ ಮತ್ತೆ ಮತ್ತೆ ಅಳೆದು ಅಂಕಿಅಂಶದಿಂದ ತೆಗೆಯೋದು. ಬಿ ಬಗೆಗೆ ಸರ್ಟಿಫಿಕೇಟ್, ಹಳೆಯ ದಾಖಲೆ, ಅನುಭವ ಎಲ್ಲ ಬೇಕು. ಎ ಎಲ್ಲರಿಗೂ ಇಷ್ಟ, ಕಂಪ್ಯೂಟರೇ ಮಾಡಿಬಿಡುತ್ತದೆ. ಬಿಗೆ ಕೂತು ತಲೆ ಕೆಡಿಸಿಕೊಳ್ಳಬೇಕು.

ಹುಡುಗನ ಮುಖ ಬಾಡಿತು. ನಾನು ಇಷ್ಟು ಗಟ್ಟಿಯಾಗಿ ಹೇಳಬೇಕಿತ್ತಾ? ಆದರೆ ಇವನು ಮುಂದೆ ಕೈಹಾಕೋದು ಸಮುದ್ರದ ಡೇಟಾಗೆ. ತಿಳಿನೀರಿನ ಮೇಲೆ, ನೀಲಿ ಬಣ್ಣದಲ್ಲೂ, ಉಪಗ್ರಹಕ್ಕೆ ಸಿಗುವ ಬೆಳಕಿನಲ್ಲಿ ನೀರಿನಿಂದ ಬಂದದ್ದು ಸುಮಾರು ಹತ್ತನೇ ಒಂದು ಪಾಲು, ಉಳಿದದ್ದು ಬಹುಪಾಲು ಗಾಳಿಯದ್ದು. ಒಟ್ಟು ಬೆಳಕಿನಲ್ಲಿ ಶೇ. 1 ತಪ್ಪಿದರೆ ನೀರಿನ ಲೆಕ್ಕದಲ್ಲಿ ಶೇ. 10 ತಪ್ಪು. ಅಲ್ಲಿ ಪೆಟ್ಟು ತಿನ್ನೋದಕ್ಕಿಂತ ಇಲ್ಲೇ ಬೈಸಿಕೊಳ್ಳಲಿ.

ಹೋಗುವಾಗ ಅವನು ಕೇಳಿದ ಪ್ರಶ್ನೆ ಮಾತ್ರ ಚೆನ್ನಾಗಿತ್ತು. “ಬ್ಯಾಂಡ್‌ಗಳ ತಪ್ಪು ಒಂದಕ್ಕೊಂದು ಅಂಟಿಕೊಂಡಿದ್ದರೆ, ಪ್ರತಿ ಬ್ಯಾಂಡ್‌ಗೆ ಒಂದೊಂದು ಸಂಖ್ಯೆ ಕೊಟ್ಟರೆ ಸಾಕಾ ಸರ್?”

ಸಾಲದು. ಯಾವ ಬ್ಯಾಂಡ್‌ನ ತಪ್ಪು ಯಾವುದಕ್ಕೆ ಎಷ್ಟು ಅಂಟಿದೆ ಅಂತಲೂ ಹೇಳಬೇಕು. ಬಾಹ್ಯಾಕಾಶ ನಿಲ್ದಾಣದಲ್ಲಿರುವ ನಾಸಾದ ಎಮಿಟ್‌ನಂಥ 285 ಬ್ಯಾಂಡ್‌ಗಳ ಉಪಕರಣಕ್ಕೆ ಒಂದೊಂದು ಪಿಕ್ಸೆಲ್‌ಗೂ 285 ಸಾಲು, 285 ಕಂಬಸಾಲಿನ ಕೋಷ್ಟಕ ಬೇಕು. ಕರ್ಣದ ಎರಡೂ ಬದಿ ಒಂದೇ ಅಂತ ಒಂದನ್ನು ಬಿಟ್ಟರೂ 40,755 ಸಂಖ್ಯೆ ಉಳಿಯುತ್ತದೆ. ಯಾರು ಇಟ್ಟುಕೊಳ್ಳುತ್ತಾರೆ ಅಷ್ಟನ್ನು? ತಪ್ಪಿನ ಬಗೆಗಳನ್ನು ಬೇರೆ ಬೇರೆ ಇಡಬಹುದು ಅನ್ನಿಸುತ್ತಿದೆ. ಫೋಟಾನ್ ನಾಯ್ಸ್, ಅಂದರೆ ಬೆಳಕಿನ ಕಣಗಳ ಎಣಿಕೆಯ ಏರಿಳಿತ, ಬೆಳಕಿನ ವರ್ಗಮೂಲದ ಜೊತೆ ಏರುತ್ತದೆ, ಅದಕ್ಕೆ ಒಂದು ಸೂತ್ರ ಸಾಕು. ಗುಣಕದ ತಪ್ಪಿಗೆ ಇಡೀ ದೃಶ್ಯಕ್ಕೆ ಒಂದೇ ಕೋಷ್ಟಕ. ಆದರೆ ಉಪಕರಣದೊಳಗೆ ಚದುರಿ ಬರುವ ಬೆಳಕು? ಅದು ಪಕ್ಕದ ಪಿಕ್ಸೆಲ್ ಎಷ್ಟು ಹೊಳೆಯುತ್ತದೆ ಅನ್ನೋದರ ಮೇಲೆ ನಿಂತಿದೆ. ಅದನ್ನು ಯಾವ ಗುಂಪಿಗೆ ಸೇರಿಸೋದು, ಮೋಡದ ಅಂಚಿನಲ್ಲಂತೂ…