ಹಳೇ ಕಾರಿನ ಸಿಗರೇಟು ವಾಸನೆ: ಕೈ ಹಾಕಬೇಕಾದ್ದು ಎಲ್ಲಿ?

ಸೆಕೆಂಡ್ ಹ್ಯಾಂಡ್ ಕಾರಿನ ಸಿಗರೇಟು ವಾಸನೆ ಇರುವುದು ಗಾಳಿಯಲ್ಲಲ್ಲ. ಗಾಜು, ಪ್ಲಾಸ್ಟಿಕ್, ಬಟ್ಟೆಗೆ ಅಂಟಿದ ಟಾರು-ನಿಕೋಟಿನ್ ಜಿಡ್ಡಿನಲ್ಲಿ. ಕಾರು ಬಿಸಿಲಿಗೆ ಕಾದಾಗ ಆ ಜಿಡ್ಡೇ ಮತ್ತೆ ನಾರುತ್ತದೆ. ಪರ್ಫ್ಯೂಮ್ ತೂಗುಹಾಕಿದರೆ ಒಂದರ ಬದಲು ಎರಡು ವಾಸನೆ, ಅಷ್ಟೇ. ಮುಂದಿನ ಗಾಜಿನ ಒಳಮೈಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಹಳದಿ-ಕಂದು ಬಣ್ಣ ಬಂದರೆ ಕೆಲಸ ದೊಡ್ಡದಿದೆ.

ಆ್ಯಶ್‌ಟ್ರೇ ತೆಗೆದು, ಸೀಟಿನ ಸಂದುಗೊಂದುಗಳನ್ನೆಲ್ಲ ವ್ಯಾಕ್ಯೂಮ್ ಮಾಡಿ ಶುರುಮಾಡಿ. ಗಾಜಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರು ಸಮಸಮ ಸಾಕು. ಇದನ್ನು ಮೀಟರಿನ ಪಾರದರ್ಶಕ ಪ್ಲಾಸ್ಟಿಕ್ಕಿಗೂ ಟಚ್‌ಸ್ಕ್ರೀನಿಗೂ ತಾಗಿಸಬೇಡಿ, ಮಬ್ಬಾಗಬಹುದು. ಡ್ಯಾಶ್‌ಬೋರ್ಡ್, ಬಾಗಿಲ ಪ್ಯಾನೆಲ್‌ಗಳಿಗೆ ಒಂದು ಪಾಲು ಆಲ್-ಪರ್ಪಸ್ ಕ್ಲೀನರ್, ಹತ್ತು ಪಾಲು ನೀರು. ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೂ ಒರೆಸುತ್ತಿರಬೇಕು.

ಹೊಗೆ ಮೇಲಕ್ಕೇರುವುದರಿಂದ ಚಾವಣಿಯ ಬಟ್ಟೆ ಹೀರಿಕೊಂಡಷ್ಟು ಬೇರಾವುದೂ ಹೀರಿರುವುದಿಲ್ಲ. ಹೆಚ್ಚಿನವರು ಕೈಬಿಡುವುದೂ ಅದನ್ನೇ. ಆ ಬಟ್ಟೆಯ ಹಿಂದೆ ತೆಳು ಫೋಮ್, ಅದರ ಹಿಂದೆ ಗೋಂದು. ನೇರವಾಗಿ ಸ್ಪ್ರೇ ಮಾಡಿ ನೆನೆಸಿದರೆ, ಸ್ಟೀಮ್ ಹೆಚ್ಚು ಹೊತ್ತು ಹಿಡಿದರೆ ಗೋಂದು ಬಿಟ್ಟು ಬಟ್ಟೆ ಜೋತುಬೀಳುತ್ತದೆ. ಆಮೇಲೆ ಪೂರ್ತಿ ಹೊಸದು ಹಾಕಿಸುವುದೇ ಗತಿ. ಮೈಕ್ರೋಫೈಬರ್ ಬಟ್ಟೆಗೆ ಕ್ಲೀನರ್ ಹಾಕಿ, ಹಿಂಡಿ, ಒತ್ತದೆ ಒಂದೇ ದಿಕ್ಕಿನಲ್ಲಿ ಒರೆಸಿ. ಕಲೆಯಿರುವಲ್ಲಿ ಮಾತ್ರ ಒರೆಸಿದರೆ ಅಷ್ಟು ಜಾಗ ತೇಪೆ ಹಾಕಿದಂತೆ ಬೆಳ್ಳಗೆ ಕಾಣುತ್ತದೆ. ಇಡೀ ಚಾವಣಿಯನ್ನೇ ಮಾಡಿ.

ಬಟ್ಟೆ ಸೀಟು, ಕಾರ್ಪೆಟ್‌ಗಳಿಗೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ವ್ಯಾಕ್ಯೂಮ್ ಮಾಡಿ, ನಂತರ ಎಕ್ಸ್‌ಟ್ರಾಕ್ಟರ್‌ನಲ್ಲಿ (ನೀರು ಚಿಮ್ಮಿಸಿ, ಕೊಳೆಯೊಂದಿಗೆ ಮತ್ತೆ ಹೀರಿಕೊಳ್ಳುವ ಯಂತ್ರ) ತೊಳೆಯಿರಿ. ಸೋಡಾ ಒಂದರಿಂದಲೇ ಜಿಡ್ಡು ಹೋಗದು. ಸೀಟ್‌ಬೆಲ್ಟನ್ನು ಪೂರ್ತಿ ಎಳೆದು, ಒಳಗೆ ಸರಿಯದಂತೆ ಕ್ಲಿಪ್ ಹಾಕಿ, ಸೌಮ್ಯ ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಿ. ಬ್ಲೀಚ್ ಬೇಡ, ಪಟ್ಟಿಯ ಬಲ ಕುಂದುತ್ತದೆ.

ಇಷ್ಟಾದರೂ ಎ.ಸಿ. ಹಾಕಿದೊಡನೆ ವಾಸನೆ ಬಂದರೆ ಅದು ಕೂಲಿಂಗ್ ಕಾಯಿಲ್‌ನದು. ರೀಸರ್ಕ್ಯುಲೇಶನ್‌ನಲ್ಲಿ, ಅಂದರೆ ಕಾರಿನೊಳಗಿನ ಗಾಳಿಯೇ ಮತ್ತೆ ಮತ್ತೆ ಸುತ್ತುವಾಗ, ಹೊಗೆ ಅದರ ಮೂಲಕವೇ ಸುತ್ತಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದಿರುವ ಕ್ಯಾಬಿನ್ ಫಿಲ್ಟರ್ (ಒಳಗಿನ ಗಾಳಿ ಸೋಸುವ ಫಿಲ್ಟರ್) ತೆಗೆದು, ಕಾಯಿಲ್‌ಗೆ ಫೋಮ್ ಕ್ಲೀನರ್ ಬಿಡಿ. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಕಿಟಕಿ ತೆರೆದು ಹೀಟರ್ ಹಾಕಿ ಒಣಗಿಸಿ. ಹೊಸ ಫಿಲ್ಟರ್ ಎಲ್ಲ ಮುಗಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಅದಕ್ಕೂ ವಾಸನೆ ಹಿಡಿಯುತ್ತದೆ.

ವಾಸನೆ ಕಳೆಯಲು ಓಝೋನ್ ಅನಿಲ ಬಿಡುವ ಯಂತ್ರ ಬಳಸುವುದಾದರೆ ಕೊನೆಗೆ ಮಾತ್ರ. ಜಿಡ್ಡಿರುವಾಗಲೇ ಹಾಕಿದರೆ ಅದು ಮೇಲ್ಪದರಕ್ಕಷ್ಟೇ ತಾಗಿ, ವಾಸನೆ ಮರಳುತ್ತದೆ. ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ರಬ್ಬರನ್ನೂ ಬಿರುಕುಬಿಡಿಸುತ್ತದೆ. ಹಾಗಾಗಿ ಯಂತ್ರ ಓಡುವಾಗ ಕಾರಿನೊಳಗೆ ಯಾರೂ ಇರಬಾರದು. ಅರ್ಧ ಗಂಟೆಗೆ ನಿಲ್ಲಿಸಿ, ಬಾಗಿಲುಗಳನ್ನು ತೆರೆದು ಒಂದೆರಡು ಗಂಟೆ ಗಾಳಿಯಾಡಲು ಬಿಡಿ.