ಗೋಲಿಗೆ ಮುಂಚೆ ಚೆಂಡು ಯಾರ ಹತ್ರ ಇತ್ತು?

ನಮ್ಮ ಶಾಲೆಯ ಮೈದಾನ ಈಗ ಸಮತಟ್ಟಾಗಿದೆ. ನಾವಿದ್ದಾಗ ಅದು ಇಳಿಜಾರಾಗಿತ್ತು. ಮೇಲಿನ ಗೋಲಿನ ಕಡೆಯಿಂದ ಒದ್ದರೆ ಚೆಂಡು ತಾನಾಗಿಯೇ ಕೆಳಗಿನ ಗೋಲಿಗೆ ಉರುಳುತ್ತಿತ್ತು. ಟಾಸ್ ಗೆದ್ದವರು ಅರ್ಧ ಮ್ಯಾಚ್ ಗೆದ್ದ ಹಾಗೆ. ಗೋಲ್ ಪೋಸ್ಟ್ ಅಂದರೆ ಎರಡು ಸರ್ವೆ ಕಂಬ, ಮೇಲೊಂದು ಹಗ್ಗ. ಚೆಂಡು ಹಗ್ಗದ ಮೇಲೆ ಹೋಯಿತೋ ಕೆಳಗೆ ಹೋಯಿತೋ ಅನ್ನೋ ಜಗಳ ಮುಗಿಯುವಷ್ಟರಲ್ಲಿ ಬೆಲ್ ಹೊಡೆದಿರುತ್ತಿತ್ತು.

ನಾನು 1998ರ ಎಸ್‌ಎಸ್‌ಎಲ್‌ಸಿ ಬ್ಯಾಚು. ಶಾಲೆಯ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದಾಗ ನನಗೆ ನೆನಪಾದದ್ದು ಒಂದು ನೂರು ಪುಟದ ನೋಟ್‌ಬುಕ್ಕು. ಅದರ ರಟ್ಟಿನ ಮೇಲೆ ನಮ್ಮ ಪಿ.ಟಿ. ಸರ್ ಕೆಂಪು ಶಾಯಿಯಲ್ಲಿ ‘ಚಾಪ್ಮನ್’ ಎಂದು ಬರೆದಿದ್ದರು. ಬೆಂಗಳೂರಿನ ಫುಟ್‌ಬಾಲ್ ಆಟಗಾರರೊಬ್ಬರ ಹೆಸರು ಅದು.

ನನಗೆ ಉಬ್ಬಸವಿತ್ತು. ಎರಡು ನಿಮಿಷ ಓಡಿದರೆ ಎದೆ ಗೊರಗೊರ ಅನ್ನುತ್ತಿತ್ತು. ಎಲ್ಲರೂ ಆಡುವಾಗ ನಾನು ಚಪ್ಪಲಿ ಕಾಯುತ್ತಾ ಬೇವಿನ ಮರದ ಕೆಳಗೆ ಕೂತಿರುತ್ತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಸರ್ ಬಂದು ಪಕ್ಕದಲ್ಲೇ ಕೂತರು. ‘ಓಡೋಕಾಗಲ್ಲ ಸರಿ. ನೋಡೋಕಾಗತ್ತಲ್ವಾ?’ ಅಂದರು. ಮುಂದಿನ ಭಾನುವಾರ ಮನೆಗೆ ಬಾ ಅಂದರು.

ಸರ್ ಮನೆ ಹಲಸೂರಿನ ಹತ್ತಿರ, ಗೌತಮಪುರದಲ್ಲಿ. ಬೇರೆ ಏರಿಯಾಗಳಲ್ಲಿ ರಾಜಕಾರಣಿಗಳ ಪ್ರತಿಮೆ ಇದ್ದರೆ ಇವತ್ತು ಆ ಏರಿಯಾದಲ್ಲಿ ಪೆಲೆಯ ಪ್ರತಿಮೆ ಇದೆ. ಮನೆಯಲ್ಲಿದ್ದದ್ದು ಬ್ಲ್ಯಾಕ್ ಅಂಡ್ ವೈಟ್ ಟಿವಿ. ನ್ಯಾಷನಲ್ ಫುಟ್‌ಬಾಲ್ ಲೀಗ್ ಆ ವರ್ಷ, ಅಂದರೆ 1996ರ ಡಿಸೆಂಬರಿನಲ್ಲಿ, ಹೊಸದಾಗಿ ಶುರುವಾಗಿತ್ತು. ಅವತ್ತು ಜೆಸಿಟಿ ಮ್ಯಾಚು. ಪಂಜಾಬಿನ ಫಗ್ವಾರದ ಮಿಲ್ಲಿನ ತಂಡ ಅದು. ಮುಂದೆ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ. ಅವರ ಹಿಂದೆ ನಮ್ಮ ಬೆಂಗಳೂರಿನ ಕಾರ್ಲ್ಟನ್ ಚಾಪ್ಮನ್.

ಸರ್ ನೋಟ್‌ಬುಕ್ ಕೈಗಿಟ್ಟರು. ಚಾಪ್ಮನ್ ಚೆಂಡು ಮುಟ್ಟಿದಾಗಲೆಲ್ಲ ಒಂದು ಗೀಟು ಹಾಕಬೇಕು. ಐದನೇ ಗೀಟು ಅಡ್ಡ, ಹಾಲಿನವನ ಲೆಕ್ಕದ ಹಾಗೆ. ಚೆಂಡು ಕೊಟ್ಟದ್ದು ನಮ್ಮವನಿಗೆ ಸೇರಿದರೆ ಗೀಟಿನ ಕೆಳಗೊಂದು ಚುಕ್ಕಿ. ಅಷ್ಟೇ ಕೆಲಸ. ಸುಲಭ ಅಂದುಕೊಂಡೆ. ಹತ್ತು ನಿಮಿಷಕ್ಕೆ ಕೈ ಬೆವರಿತು. ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ಎರಡು ತಂಡದ ಜರ್ಸಿಯೂ ಒಂದೇ ಬಣ್ಣ. ಪರದೆ ಆಗಾಗ ಉರುಳುತ್ತಿತ್ತು. ಸರ್ ಎದ್ದು ಟಿವಿ ತಲೆಗೆ ಒಂದು ಏಟು ಹಾಕುವಷ್ಟರಲ್ಲಿ ಎರಡು ಗೀಟು ತಪ್ಪಿಹೋಗುತ್ತಿತ್ತು.

ಆಮೇಲೆ ಗೋಲು ಬಿತ್ತು. ನಾನು ಕಿರುಚಿಕೊಂಡು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಹಿಡಿಯುವಷ್ಟು ದಪ್ಪಕ್ಷರದಲ್ಲಿ ‘ಗೋಲ್’ ಎಂದು ಬರೆದೆ. ಸರ್ ಕಿರುಚಲಿಲ್ಲ. ‘ಗೋಲಿಗೆ ಮುಂಚೆ ಚೆಂಡು ಯಾರ ಹತ್ರ ಇತ್ತು?’ ಎಂದು ಕೇಳಿದರು. ಗೊತ್ತಿರಲಿಲ್ಲ. ‘ಅದಕ್ಕೂ ಮುಂಚೆ?’ ಅದಂತೂ ಗೊತ್ತೇ ಇರಲಿಲ್ಲ. ಸರ್ ನಕ್ಕು, ಒಳಗೆ ಹೋಗಿ ಚಿತ್ರಾನ್ನ ತಂದುಕೊಟ್ಟರು.

ಮೊದಲ ಲೀಗನ್ನು ಜೆಸಿಟಿಯೇ ಗೆದ್ದಿತು. ಬೈಚುಂಗ್ 14 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು. ಆ 14 ಎಲ್ಲರಿಗೂ ಗೊತ್ತು. ಅದರ ಹಿಂದಿನ ಪಾಸುಗಳನ್ನು ಎಣಿಸಿದವರು ಗೌತಮಪುರದಲ್ಲಿ ನಾವಿಬ್ಬರೇ ಇರಬೇಕು, ಅದೂ ತಪ್ಪುತಪ್ಪಾಗಿ.

ಶಾಲೆಯಲ್ಲಿ ಈ ವಿಷಯ ಮಾತಾಡುವ ಹಾಗಿರಲಿಲ್ಲ. ಹುಡುಗರಿಗೆಲ್ಲ ಕ್ರಿಕೆಟ್ ಹುಚ್ಚು. 1996ರ ಮಾರ್ಚಿನಲ್ಲಿ ಚಿನ್ನಸ್ವಾಮಿಯಲ್ಲಿ ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲ್‌ನ ಸ್ಟಂಪ್ ಎಗರಿಸಿದ್ದರಲ್ಲ, ಆಮೇಲೆ ಒಂದು ವರ್ಷ ನಮ್ಮ ಮೈದಾನದಲ್ಲಿ ಯಾರೇ ಔಟಾದರೂ ಪೆವಿಲಿಯನ್ ಕಡೆ ಕೈ ತೋರಿಸುವುದೇ. ಪೆವಿಲಿಯನ್ ಅಂದರೆ ನಮಗೆ ನೀರಿನ ಟ್ಯಾಂಕು. ಹೀಗಾಗಿ ಚಾಪ್ಮನ್ ನಮ್ಮಿಬ್ಬರ ಗುಟ್ಟಾಗಿಯೇ ಉಳಿದರು.

ಸರ್ ಚಾಪ್ಮನ್ ಕಥೆಯನ್ನು ತುಂಡು ತುಂಡಾಗಿ ಹೇಳುತ್ತಿದ್ದರು. 1990ರಲ್ಲಿ ಜೆಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಹೋದದ್ದು. 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದ್ದು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಹೊಡೆದದ್ದು, ಅದರಲ್ಲಿ ಮೂರು ಗೋಲು ಚಾಪ್ಮನ್ ಒಬ್ಬರದ್ದೇ. ಇದನ್ನು ಹೇಳುವಾಗ ಮಾತ್ರ ಸರ್ ಎದ್ದು ನಿಂತು ಕಾಲು ಬೀಸಿ ತೋರಿಸುತ್ತಿದ್ದರು. ಒಂದು ಸಲ ಟೀಪಾಯಿ ಮೇಲಿದ್ದ ಲೋಟ ಹಾರಿತು.

‘ಹಾಫ್ ಆಡೋನು ಮೂರು ಗೋಲು ಹೊಡೀತಾನೆ ಅಂದ್ರೆ ಸುಮ್ನೆನಾ?’ ಅನ್ನುತ್ತಿದ್ದರು. ಮಿಡ್‌ಫೀಲ್ಡ್ ಅನ್ನೋ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಮೈದಾನದ ನಡುವೆ ಆಡುವವನು ಅವರಿಗೆ ‘ಹಾಫ್’.

ಕಥೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಅಲ್ಲಿಂದ 1948ರ ಲಂಡನ್ ಒಲಿಂಪಿಕ್ಸ್‌ಗೆ ಹಾರುತ್ತಿದ್ದರು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿ ಫ್ರಾನ್ಸ್ ಎದುರು 1-2ರಿಂದ ಸೋತದ್ದು, ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ ಆಗಿದ್ದದ್ದು. ಅಲ್ಲಿಂದ ಭಾರತ ತಂಡದ ಕೋಚ್ ಆಗಿದ್ದ ಹೈದರಾಬಾದಿನ ರಹೀಮ್ ಸಾಹೇಬರು. ‘ಅವರೂ ಮೇಷ್ಟ್ರೇ ಕಣೋ! ಸ್ಕೂಲಲ್ಲಿ ಪಾಠ ಮಾಡ್ತಿದ್ದೋರು 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದ್ರು.’ ಇಷ್ಟು ಹೇಳಿ ತಮ್ಮ ವಿಷಲ್ ಒರೆಸಿಕೊಳ್ಳುತ್ತಿದ್ದರು. ಆಡುವವನಿಗಿಂತ ಆಡಿಸುವವನು ದೊಡ್ಡವನು ಅನ್ನುವುದು ಅವರ ಲೆಕ್ಕ. ಅದರಲ್ಲಿ ಸ್ವಲ್ಪ ಸ್ವಾರ್ಥವೂ ಇತ್ತು ಅಂತ ಈಗ ಅನ್ನಿಸುತ್ತದೆ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ, 1997ರಲ್ಲಿ, ಕಠ್ಮಂಡುವಿನಲ್ಲಿ ಭಾರತ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಗೆದ್ದಿತು. ಫೈನಲ್‌ನಲ್ಲಿ ಮಾಲ್ಡೀವ್ಸ್ ಮೇಲೆ 5-1. ಚಾಪ್ಮನ್ ನಾಯಕ. ಸರ್ ಪ್ರಾರ್ಥನೆ ಹೊತ್ತಿನಲ್ಲಿ ಮೈಕ್ ಹಿಡಿದು ಇದನ್ನು ಹೇಳಿದರು. ಇಡೀ ಶಾಲೆಯಲ್ಲಿ ಚಪ್ಪಾಳೆ ಹೊಡೆದವನು ನಾನೊಬ್ಬನೇ. ಅದೂ ಎರಡೇ ಏಟು. ಎಲ್ಲರೂ ತಿರುಗಿ ನೋಡಿದಾಗ ನಿಲ್ಲಿಸಿಬಿಟ್ಟೆ.

ಶಾಲೆ ಬಿಟ್ಟ ಮೇಲೂ ಸರ್ ಜೊತೆ ಮಾತು ನಿಲ್ಲಲಿಲ್ಲ. ಚಾಪ್ಮನ್ ಆ ಹೊತ್ತಿಗೆ ಎಫ್‌ಸಿ ಕೊಚ್ಚಿನ್‌ಗೆ ಹೋಗಿ, ಮತ್ತೆ ಈಸ್ಟ್ ಬೆಂಗಾಲ್‌ಗೆ ವಾಪಸಾಗಿದ್ದರು. 2001ರಲ್ಲಿ ಅವರ ನಾಯಕತ್ವದಲ್ಲೇ ಈಸ್ಟ್ ಬೆಂಗಾಲ್ ಲೀಗ್ ಗೆದ್ದಿತು. ಅಲ್ಲಿಗೆ ಆಟ ನಿಲ್ಲಿಸಿದರು. ವಯಸ್ಸು 30 ಅಷ್ಟೇ. ಮರುವರ್ಷ ತಾವು ಕಲಿತ ಟಾಟಾ ಅಕಾಡೆಮಿಗೇ ಕೋಚ್ ಆಗಿ ಹೋದರು.

ಆಮೇಲೆ ಶಿಲಾಂಗ್. ರಾಯಲ್ ವಾಹಿಂಗ್ಡೋ ಅಂತ ಒಂದು ಕ್ಲಬ್. ಸರ್ ಆಗಾಗ ನನ್ನ ಆಫೀಸಿಗೆ ಫೋನ್ ಮಾಡುತ್ತಿದ್ದರು. ‘ಇಂಟರ್ನೆಟ್ ನೋಡಿ ಹೇಳೋ, ಆ ವಾಯಿಂಗ್ಡೂ ಏನಾಯ್ತು?’ ಬೆಂಗಳೂರಿನ ಪೇಪರುಗಳಲ್ಲಿ ಶಿಲಾಂಗ್ ಲೀಗಿನ ಸುದ್ದಿ ಎಲ್ಲಿ ಬರುತ್ತೆ? ನಾನು ಹುಡುಕಿ, ಪ್ರಿಂಟ್ ತೆಗೆದು, ಭಾನುವಾರ ಕೊಟ್ಟು ಬರುತ್ತಿದ್ದೆ. ಸರ್ ಸ್ಕೋರ್ ಇರುವ ಒಂದು ಸಾಲನ್ನಷ್ಟೇ ಬ್ಲೇಡಿನಿಂದ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದರು. ಅಲ್ ಜವ್ರಾ ಮ್ಯಾಚಿನ ಪೇಪರ್ ತುಂಡು ಅಂಗೈ ಅಗಲ ಇತ್ತು. ಕೋಚ್ ಚಾಪ್ಮನ್ ಸುದ್ದಿ ಬಸ್ ಟಿಕೆಟ್‌ಗಿಂತ ಚಿಕ್ಕದು. ಶಿಲಾಂಗ್ ಲೀಗ್ ಗೆದ್ದದ್ದೂ ಅಷ್ಟೇ ಅಗಲ.

ಶಿಲಾಂಗ್ ಆದ ಮೇಲೆ ಕೋಲ್ಕತ್ತದ ಭವಾನಿಪುರ, ದೆಹಲಿಯ ಸುದೇವ, ಕಲ್ಲಿಕೋಟೆಯ ಕ್ವಾರ್ಟ್ಸ್. ಎಲ್ಲ ಸಣ್ಣ ಕ್ಲಬ್ಬು, ಎಳೆ ಹುಡುಗರು. ಚಾಪ್ಮನ್ ಬಿಟ್ಟುಬಂದ ಮೇಲೆ ವಾಹಿಂಗ್ಡೋ ರಾಷ್ಟ್ರಮಟ್ಟದ ಐ-ಲೀಗಿಗೆ ಏರಿ, 2014-15ರಲ್ಲಿ ಮೂರನೇ ಸ್ಥಾನ ಪಡೆಯಿತು. ಆಗ ಕೋಚ್ ಬೇರೆಯವರು. ಅದೇ 2014ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ಶುರುವಾಯಿತು. ಮೊದಲ ವರ್ಷ ಎಂಟು ತಂಡಕ್ಕೂ ಹೊರದೇಶದ ಮುಖ್ಯ ಕೋಚ್. ಸರ್‌ಗೆ ತಡೆಯಲಾಗಲಿಲ್ಲ. ‘ನಮ್ಮ ಹುಡುಗನ್ನ ಒಬ್ರೂ ಕರೀಲಿಲ್ಲ ನೋಡು’ ಅಂದು ಟಿವಿ ಆರಿಸಿದರು.

ಈ ವಿಷಯದಲ್ಲಿ ಸರ್‌ಗೂ ನನಗೂ ಜಗಳ. ಅನ್ಯಾಯ ಅನ್ನುವುದು ಅವರ ವಾದ. ಇರಬಹುದು. ಒಬ್ಬ ಭಾರತೀಯನನ್ನು ಐಎಸ್‌ಎಲ್ ತಂಡ ಪೂರ್ಣಾವಧಿ ಮುಖ್ಯ ಕೋಚ್ ಮಾಡಿಕೊಂಡದ್ದು 2021ರಲ್ಲಿ, ಖಾಲಿದ್ ಜಮೀಲ್ ಅವರನ್ನು. ಅವರೂ ಮಿಡ್‌ಫೀಲ್ಡರ್ ಆಗಿದ್ದವರೇ. ಆದರೆ ಚಾಪ್ಮನ್ ಆಡುವಾಗ ಯಾವ ಜಾಗದಲ್ಲಿದ್ದರೋ ಕೋಚ್ ಆಗಿಯೂ ಅದೇ ಜಾಗದಲ್ಲಿದ್ದರು ಅಂತ ನನಗನ್ನಿಸುತ್ತದೆ. ಹುಡುಗರನ್ನು ಒಂದು ಹಂತಕ್ಕೆ ತಂದು ಮುಂದಿನವರ ಕಾಲಿಗೆ ಒಪ್ಪಿಸುವುದು. ಗೋಲು ಇನ್ಯಾರದೋ ಹೆಸರಿಗೆ. ಇದನ್ನು ಹೇಳಿದರೆ ಸರ್ ಸಿಟ್ಟಾಗುತ್ತಿದ್ದರು. ‘ನೀನು ಆಡಿದೋನಲ್ಲ, ನಿನಗೆ ಗೊತ್ತಾಗಲ್ಲ’ ಅನ್ನುತ್ತಿದ್ದರು. ಅದು ನಿಜ.

2020ರ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ಸರ್‌ದು ನಾಲ್ಕು ಮಿಸ್ಡ್ ಕಾಲ್. ಚಾಪ್ಮನ್ ಬೆಂಗಳೂರಿನಲ್ಲೇ ತೀರಿಕೊಂಡಿದ್ದರು. 49 ವರ್ಷ. ಕೊರೋನಾ ಕಾಲ, ಸರ್‌ಗೆ ಎಪ್ಪತ್ತು ದಾಟಿತ್ತು, ಹೋಗಿ ನೋಡುವ ಹಾಗಿರಲಿಲ್ಲ. ಫೋನಿನಲ್ಲೇ ಸುಮಾರು ಹೊತ್ತು ಇಬ್ಬರೂ ಇದ್ದೆವು. ಮಾತು ಕಡಿಮೆ. ಹಿಂದೆ ಅವರ ಮನೆಯ ಕುಕ್ಕರ್ ಕೂಗುವುದು ಕೇಳುತ್ತಿತ್ತು.

ಶಾಲೆ ಮತ್ತೆ ತೆರೆದ ಮೇಲೆ ಸರ್ ನೋಟ್‌ಬುಕ್ಕನ್ನು ಇಲ್ಲಿಗೆ ಕೊಟ್ಟರು. ‘ಅರ್ಧಕ್ಕೂ ಜಾಸ್ತಿ ಹಾಳೆ ಖಾಲಿ ಇದೆ, ದಂಡ ಮಾಡಬೇಡಿ’ ಎಂದರಂತೆ. ಪಿ.ಟಿ. ರೂಮಿನ ಬೀರುವಿನಲ್ಲಿ, ಸ್ಕಿಪ್ಪಿಂಗ್ ಹಗ್ಗಗಳ ಪಕ್ಕದಲ್ಲಿದೆ. ಯಾರು ಬೇಕಾದರೂ ಕೇಳಿ ನೋಡಬಹುದು.

ಹೋದ ತಿಂಗಳು ನಾನೂ ನೋಡಿ ಬಂದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬೆಂಗಳೂರು ಎಫ್‌ಸಿಯ ಸುರೇಶ್ ಸಿಂಗ್ ಹೆಸರಿನಲ್ಲಿ ಹೊಸ ಪುಟ ಶುರು ಮಾಡಿದ್ದಾಳೆ. ಗೀಟುಗಳು ನನ್ನವಕ್ಕಿಂತ ನೀಟಾಗಿವೆ. ಎರಡನೇ ಪುಟದ ಮಧ್ಯದಲ್ಲಿ ಮಾತ್ರ ಗೀಟು ನಿಂತುಹೋಗಿದೆ. ಮೂರು ಸಾಲು ಹಿಡಿಯುವಷ್ಟು ದಪ್ಪಕ್ಷರದಲ್ಲಿ ‘ಗೋಲ್’ ಅಂತಿದೆ.