ಅಕ್ಷರಕ್ಕೆ ಇಷ್ಟು

ನಮ್ಮದು ಇಳಕಲ್ಲಿನಲ್ಲಿ ಕಲ್ಲಿನ ದಂಧೆ. ಊರಿನ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಸೀರೆ, ಆಮೇಲೆ ಕೆಂಪು ಗ್ರಾನೈಟ್. ಗುಡಿಯ ಮೆಟ್ಟಿಲು, ಗೋರಿ, ಶಂಕುಸ್ಥಾಪನೆಯ ಕಲ್ಲು ಎಲ್ಲ ಮಾಡಿಕೊಡುತ್ತೇವೆ. ಕೊರೆಯುವುದಕ್ಕೆ ಅಕ್ಷರಕ್ಕೆ ಇಷ್ಟು ಅಂತ ರೇಟು. ಒತ್ತಕ್ಷರಕ್ಕೆ ಬೇರೆ ಲೆಕ್ಕ ಹಿಡಿಯುವುದನ್ನು ಗಿರಾಕಿಗಳ ಜೊತೆ ಜಗಳಾಡಿ ಸಾಕಾಗಿ ನಮ್ಮಪ್ಪನೇ ಬಿಟ್ಟಿದ್ದ.

ಹೋದ ವರ್ಷ ಹುತಾತ್ಮ ಯೋಧರ ಎರಡು ಕಲ್ಲು ನನ್ನ ಕೈಯಿಂದ ಹೋದವು. ಮೊದಲನೆಯದು ಸರಕಾರಿ ಕೆಲಸ. ಇಲಾಖೆಯಿಂದ ಬಂದ ಚೀಟಿಯಲ್ಲಿ ಹನ್ನೊಂದು ಸಾಲು. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ಒಬ್ಬೊಬ್ಬರ ಹಿಂದೆ ಮುಂದೆ ‘ಮಾನ್ಯ’, ‘ಜನಪ್ರಿಯ’. ಬಿಲ್ ಮಾಡಲು ಎಣಿಸಿದೆ: ಗಣ್ಯರವು 340 ಅಕ್ಷರ, ಯೋಧನ ಹುದ್ದೆ ಸೇರಿ ಹೆಸರು 13. ಅದರಲ್ಲೂ ಒಂದು ತಪ್ಪು ಬರೆದಿದ್ದರು. ಫೋನ್ ಮಾಡಿ ಕೇಳಿದರೆ, “ಸಾಹೇಬ್ರ ಹೆಸರು ಸರಿ ಐತಲ್ಲ, ನೋಡ್ರಿ” ಅಂದರು. ಯೋಧನ ಹೆಸರನ್ನು ಅವರ ಮನೆಯವರನ್ನೇ ಕೇಳಿ ತಿದ್ದಿ ಕೊರೆದೆ. ಆ ಬಿಲ್ ಇನ್ನೂ ಬಂದಿಲ್ಲ. ಜಿಎಸ್‌ಟಿ ಮಾತ್ರ ನಾನು ಆಗಲೇ ಕಟ್ಟಿಯಾಗಿದೆ.

ಸರಕಾರದ ಖರ್ಚಿನ ಬಗ್ಗೆ ನನ್ನ ವಿಚಾರ ಗೆಳೆಯರಿಗೆಲ್ಲ ಗೊತ್ತು. ಸರಕಾರ ಗಡಿ ಕಾಯಲಿ, ಕೋರ್ಟು ನಡೆಸಲಿ, ರಸ್ತೆ ಮಾಡಲಿ. ಉಳಿದದ್ದನ್ನು ನಮಗೆ ಬಿಟ್ಟು, ನಮ್ಮ ರೊಕ್ಕ ನಮ್ಮ ಕಿಸೆಯಲ್ಲೇ ಇರಲಿ. 1959ರಲ್ಲಿ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿ ಲೈಸೆನ್ಸ್-ಪರ್ಮಿಟ್ ರಾಜ್ಯ ಬೇಡ ಅಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಒಂದು ಕ್ವಾರಿ ಪರವಾನಗಿಗೆ ಎಷ್ಟು ಮೇಜು ಸುತ್ತಬೇಕು ಅಂತ ಕಂಡವರಿಗೆ ಅವರ ಮಾತು ತಿಳಿಯಲು ಪುಸ್ತಕ ಬೇಕಿಲ್ಲ. (ಇಷ್ಟೆಲ್ಲ ಹೇಳಿ ಟೆಂಡರ್ ಯಾಕೆ ತುಂಬುತ್ತೀ ಅಂತ ಹೆಂಡತಿ ಕೇಳುತ್ತಾಳೆ. ಹೊಟ್ಟೆಪಾಡು, ಅಷ್ಟೇ.)

ನನ್ನ ಭಾವ ನಿವೃತ್ತ ಹವಾಲ್ದಾರ. ಬೆಳಗಾವಿಯ ಮರಾಠಾ ಲೈಟ್ ಇನ್ಫಂಟ್ರಿ ಕೇಂದ್ರದಲ್ಲಿ ತಯಾರಾದವರು. ಮಾತು ಬಂದಾಗೆಲ್ಲ ಕೆಣಕುತ್ತಾರೆ: “ಹಂಗಾರ ನನ್ನ ಪಿಂಚಣಿನೂ ದಂಡದ ಖರ್ಚೇನೋ?” 2025-26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ ಸುಮಾರು 6.81 ಲಕ್ಷ ಕೋಟಿ, ಅದರಲ್ಲಿ ಪಿಂಚಣಿಗೇ ಸುಮಾರು 1.61 ಲಕ್ಷ ಕೋಟಿ. ಸಣ್ಣ ಮೊತ್ತವಲ್ಲ. ಆದರೂ ನನ್ನ ಲೆಕ್ಕದಲ್ಲಿ ಅದು ಖರ್ಚಲ್ಲ, ಸಾಲ. ಜೀವ ಒತ್ತೆಯಿಟ್ಟು ದುಡಿದವನ ಜೊತೆ ಸರಕಾರ ಮಾಡಿಕೊಂಡ ಕರಾರು. ವ್ಯಾಪಾರಸ್ಥ ಯಾವುದನ್ನು ಮುರಿದರೂ ಕರಾರು ಮುರಿಯಬಾರದು. ಇದನ್ನು ಕೇಳಿದರೆ ಭಾವ ಎರಡನೇ ಚಹಾ ಹೇಳುತ್ತಾರೆ.

ದಿಲ್ಲಿಯ ರಾಷ್ಟ್ರೀಯ ಸಮರ ಸ್ಮಾರಕದ ಬಗ್ಗೆಯೂ ನನ್ನ ತಕರಾರಿಲ್ಲ. ಸ್ವಾತಂತ್ರ್ಯ ಬಂದು 72ನೇ ವರ್ಷಕ್ಕೆ, 2019ರ ಫೆಬ್ರುವರಿ 25ರಂದು ಅದು ಉದ್ಘಾಟನೆಯಾಯಿತು. ಅಲ್ಲಿಯ ಗ್ರಾನೈಟ್ ಫಲಕಗಳ ಮೇಲೆ 25,000ಕ್ಕೂ ಹೆಚ್ಚು ಹೆಸರು, ಬಂಗಾರದ ಅಕ್ಷರದಲ್ಲಿ. ಕಲ್ಲಿನವನಾಗಿ ಹೇಳುತ್ತೇನೆ, ಅಷ್ಟು ಹೆಸರನ್ನು ಒಂದೇ ಅಳತೆಯಲ್ಲಿ ಕೂರಿಸುವುದು ಹುಡುಗಾಟವಲ್ಲ. ನನಗೆ ಸಿಟ್ಟು ಬರುವುದು ಸತ್ತವನ ಹೆಸರಿನಲ್ಲಿ ಬದುಕಿದ್ದವರು ತಮ್ಮ ಹೆಸರು ಕೆತ್ತಿಸಿಕೊಂಡು, ಅದರ ಬಿಲ್ಲನ್ನು ನನ್ನ ತೆರಿಗೆಗೆ ಹಚ್ಚಿದಾಗ.

ಸಂಗೊಳ್ಳಿ ರಾಯಣ್ಣನನ್ನೇ ನೋಡಿ. ಹೊಲ ಕಸಿದುಕೊಂಡು, ಉಳಿದದ್ದಕ್ಕೆ ಭಾರಿ ಕಂದಾಯ ಹೇರಿದ ಕಂಪನಿ ಸರಕಾರದ ಕಚೇರಿ ಸುಟ್ಟವನು, ಖಜಾನೆ ದೋಚಿದವನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಸಮಾಧಿಯ ಹತ್ತಿರದ ಆಲದ ಮರಕ್ಕೆ ಜನ ಇವತ್ತಿಗೂ ತೊಟ್ಟಿಲು ಕಟ್ಟುತ್ತಾರೆ, ಅಂಥ ಮಗ ಹುಟ್ಟಲಿ ಅಂತ. ಆ ತೊಟ್ಟಿಲುಗಳಿಗೆ ಯಾವ ಇಲಾಖೆಯೂ ಅಂದಾಜುಪಟ್ಟಿ ಮಾಡಿಲ್ಲ.

ಎರಡನೇ ಕಲ್ಲು ಹುನಗುಂದ ತಾಲೂಕಿನ ಒಂದು ಸಣ್ಣ ಊರಿನದು. ಊರವರೇ ಪಟ್ಟಿ ಎತ್ತಿದ್ದರು. ಗೌಡ್ರು ಐದು ಸಾವಿರ, ಹಿಟ್ಟಿನ ಗಿರಣಿಯವನು ಸಾವಿರ, ಸಾಲಿ ಹುಡುಗರು ಹತ್ತು-ಇಪ್ಪತ್ತು. ದುಡ್ಡು ಬಂದದ್ದು ಸಕ್ಕರೆ ಚೀಲದಲ್ಲಿ, ಅರ್ಧಕ್ಕರ್ಧ ಚಿಲ್ಲರೆ. ನಮ್ಮ ಹುಡುಗರು ಎಣಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಅವರ ಜೊತೆ ಯೋಧನ ತಾಯಿಯೂ ಬಂದಿದ್ದಳು. ಸ್ಟಿಕ್ಕರ್ ಹಚ್ಚಿ ಅಕ್ಷರ ಕತ್ತರಿಸಿಟ್ಟಿದ್ದೆ, ಇನ್ನೇನು ಕಂಪ್ರೆಸರ್ ಹಚ್ಚಿ ಉಸುಕು ಹೊಡೆದು ಅಕ್ಷರ ಕೊರೆಯಬೇಕು. ಮುದುಕಿ ಕಲ್ಲಿನ ಸುತ್ತ ಒಂದು ಸುತ್ತು ಬಂದು ಕೇಳಿದಳು, “ತಮ್ಮಾ, ಇದರಾಗ ನಂಬರ ಎಲ್ಲೈತಿ?”

“ಯಾವ ನಂಬರ ಯವ್ವಾ?”

ಗಡಗಡ ಹೇಳಿಬಿಟ್ಟಳು, ಮಗನ ಸೈನ್ಯದ ನಂಬರು. ಓದು ಬರಹ ಬಾರದ ಹೆಂಗಸು. ಬ್ಯಾಂಕಿನಲ್ಲಿ, ಪಿಂಚಣಿ ಕಾಗದದಲ್ಲಿ, ಸೈನಿಕ ಕಲ್ಯಾಣ ಇಲಾಖೆಯಲ್ಲಿ ಎಲ್ಲ ಕಡೆ ಅದನ್ನೇ ಕೇಳಿ ಕೇಳಿ ಬಾಯಿಪಾಠವಾಗಿತ್ತು. “ಹೆಸರಿನವ್ರು ಊರಾಗ ಮೂರು ಮಂದಿ ಅದಾರ. ನಂಬರ ಅವಂದೊಂದ” ಅಂದಳು.

ಕಲ್ಲಿನಲ್ಲಿ ಜಾಗವಿರಲಿಲ್ಲ. ಕೆಳಗಿನ ಸಾಲಿನಲ್ಲಿ ‘ಊರಿನ ಗುರುಹಿರಿಯರು ಹಾಗೂ ಸಮಸ್ತ ನಾಗರಿಕರು’ ಅಂತಿತ್ತು. ನಾನು ಗೌಡ್ರ ಮುಖ ನೋಡಿದೆ. ಅವರು ತಲೆ ಕೆರೆದುಕೊಂಡು, ಜೊತೆಗೆ ಬಂದವರ ಕಡೆ ಒಮ್ಮೆ ತಿರುಗಿ, “ನಮ್ಮ ಸಾಲು ಕಿತ್ತ ಹಾಕ್ರಿ” ಅಂದರು. ಸ್ಟಿಕ್ಕರ್ ಕೆಳಗಿನ ಅಂಚು ಹಿಡಿದು ಎಳೆದೆ. ಆ ಜಾಗಕ್ಕೆ ಹೊಸದು ಹಚ್ಚುವಾಗ ಮುದುಕಿ ಪಕ್ಕದಲ್ಲೇ ಕೂತು ಒಂದೊಂದೇ ಅಂಕಿ ಹೇಳಿದಳು, ನಾನು ಒಂದೊಂದೇ ಕತ್ತರಿಸಿದೆ.